ಎಪ್ಪತ್ತೊಂದನೇ ಕಿಲೋಮೀಟರಿನ ಹಳ್ಳ

ಹದಿನೇಳು ವರ್ಷ ನಾನು ಮೆಕ್ಸಿಕೋ ದೇಶದ ಉತ್ತರ ಗಡಿಯಲ್ಲಿ ಜನರಿಗೆ ದಾರಿ ತೋರಿಸುವ ಕೆಲಸ ಮಾಡಿದೆ. ಮಾಡಿದ್ದು ಶಿರಸಿಯಲ್ಲಿ, ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಪಾತ್ರೆ ಅಂಗಡಿಯ ಮಹಡಿಯ ಮೇಲೆ ಕೂತು. ಆ ದೇಶಕ್ಕೆ ನಾನು ಹೋಗಿಲ್ಲ. ವಿಮಾನ ಹತ್ತಿಲ್ಲ. ನಿಜ ಹೇಳಬೇಕೆಂದರೆ ಹುಬ್ಬಳ್ಳಿ ದಾಟಿ ಆಚೆ ಹೋದದ್ದೂ ಬೆರಳೆಣಿಕೆಯಷ್ಟು ಸಲ. ‘ದೇಶ ಸುತ್ತು, ಕೋಶ ಓದು’ ಎನ್ನುತ್ತಾರಲ್ಲ, ನಾನು ಎರಡನೆಯದನ್ನು ಮಾತ್ರ ಮಾಡಿ, ಮೊದಲನೆಯದನ್ನೂ ಮಾಡಿದವರ ಹಾಗೆ ಸಂಬಳ ತೆಗೆದುಕೊಂಡವಳು.

ನಿವೃತ್ತಳಾಗಿ ವರ್ಷವಾಯಿತು. ಆ ಮಹಡಿಯಲ್ಲಿ ಈಗ ಹೊಸ ಹುಡುಗಿಯರು ಬಂದಿದ್ದಾರೆ. ಮೊನ್ನೆ ಸಂತೆಯಲ್ಲಿ ಅವರಲ್ಲೊಬ್ಬಳು ಸಿಕ್ಕಿ, “ಸುಶೀಲಕ್ಕ, ಅಷ್ಟು ವರ್ಷ ನೀವು ಎಂತ ಮಾಡ್ತಿದ್ರಿ ಅಲ್ಲಿ? ಈಗ ಎಲ್ಲ ಕಂಪ್ಯೂಟರೇ ಮಾಡ್ತದಲ” ಅಂದಳು. ಕೇಳಿದ್ದರಲ್ಲಿ ಕುಹಕ ಇರಲಿಲ್ಲ. ಆದರೂ ಮನೆಗೆ ಬಂದು ಸೊಪ್ಪು ಬಿಡಿಸುವಾಗ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಇದನ್ನು ಬರೆಯಲು ಕೂತಿದ್ದೇನೆ.

ಮೊದಲು ಕೆಲಸ ಏನು ಎನ್ನುವುದು ತಿಳಿಯಬೇಕು. ಅಮೆರಿಕ ಮತ್ತು ಮೆಕ್ಸಿಕೋ ನಡುವಿನ ಗಡಿಗುಂಟ ನೂರಾರು ಮೈಲಿ ಮರುಭೂಮಿ, ಗುಡ್ಡ, ದನ ಸಾಕುವವರ ದೊಡ್ಡ ದೊಡ್ಡ ಬೇಲಿಗಳು. ಊರಿಂದ ಊರಿಗೆ ಶಿರಸಿಯಿಂದ ಯಲ್ಲಾಪುರಕ್ಕೆ ಹೋಗಿ ತಿರುಗಿ ಬರುವಷ್ಟು ದೂರ. ನಡುವೆ ಮಂಚಿಕೇರಿಯ ಹಾಗೆ ಬಸ್ಸು ನಿಲ್ಲಿಸಿ ಚಹಾ ಕುಡಿಯುವ ಜಾಗ ಒಂದೂ ಇಲ್ಲ. ಇಂಥಲ್ಲಿ ಚಳಿಗಾಲದಲ್ಲಿ ಜೀಪು ಹತ್ತಿ, ಹತ್ತು ಹದಿನೈದು ದಿನ ಮಣ್ಣುರಸ್ತೆಯಲ್ಲೇ ಸುತ್ತಬೇಕೆನ್ನುವ ಹುಚ್ಚಿನ ಜನ ಇದ್ದಾರೆ. ಅವರಿಗೆ ಒಂದು ದಾರಿಪುಸ್ತಕ ಬೇಕು. ಎಷ್ಟನೇ ಕಿಲೋಮೀಟರಿಗೆ ದಾರಿ ಕವಲಾಗುತ್ತದೆ, ಎಲ್ಲಿ ಪೆಟ್ರೋಲ್ ಸಿಗುತ್ತದೆ, ಎಲ್ಲಿ ಸೈನ್ಯದವರ ಚೆಕ್‌ಪೋಸ್ಟ್, ಯಾರ ಬೇಲಿಯ ಬಾಗಿಲು, ರಾತ್ರಿ ಎಲ್ಲಿ ಉಳಿಯಬಹುದು, ನೀರು ಎಲ್ಲಿ. ಅಲ್ಲಿನ ಒಂದು ಕಂಪನಿ ಈ ಪುಸ್ತಕ ಮಾರುತ್ತಿತ್ತು. ಅವರಿಗೆ ಅದನ್ನು ಮಾಡಿಕೊಡುತ್ತಿದ್ದವರು ನಾವು.

‘ನಾವು’ ಎಂದರೆ ಮುಖ್ಯವಾಗಿ ಗಣಪತಣ್ಣ. ಹೇರೂರಿನವರು. ಮೊದಲು ಹೊರದೇಶದ ಡಾಕ್ಟರುಗಳ ಟಿಪ್ಪಣಿ ಟೈಪು ಮಾಡಿಕೊಡುವ ಕೆಲಸ ಹಿಡಿದಿದ್ದರು. ಅದು ನಿಂತಾಗ ಯಾರೋ ಪರಿಚಯದವರ ಮೂಲಕ ಈ ದಾರಿಯ ಕೆಲಸ ಬಂತು. ಆಗ ನಾನು ತಹಶೀಲ್ದಾರ್ ಕಚೇರಿಯ ಎದುರು ಅರ್ಜಿ ಟೈಪು ಮಾಡುತ್ತಿದ್ದೆ. ನಲವತ್ಮೂರು ವಯಸ್ಸು. ಮದುವೆ ಆಗಿರಲಿಲ್ಲ, ಆಗುವ ಮಾತೂ ನಿಂತುಹೋಗಿತ್ತು. ಮರಾಠಿಕೊಪ್ಪದಲ್ಲಿ ಒಂದು ಬಾಡಿಗೆ ಕೋಣೆ, ಒಂದು ಒಲೆ, ಒಂದು ರೇಡಿಯೋ. ಗಣಪತಣ್ಣ ಬಂದು, “ನೋಡು ಸುಶೀಲಾ, ನಿಂಗೆ ಇಂಗ್ಲಿಷ್ ಬರ್ತದೆ, ತಾಳ್ಮೆ ಉಂಟು, ಮನೇಲಿ ಕಾಯೂರು ಯಾರೂ ಇಲ್ಲ. ಈ ಕೆಲ್ಸಕ್ಕೆ ನಿನ್ನಂಥವ್ಳೇ ಆಗ್ಬೇಕು” ಅಂದರು. ಮೂರನೆಯ ಅರ್ಹತೆ ಕೇಳಿ ನನಗೆ ನಗು ಬಂದಿತ್ತು. ಆಮೇಲೆ ಗೊತ್ತಾಯಿತು, ಮೂರರಲ್ಲಿ ಅದೇ ನಿಜವಾದ ಅರ್ಹತೆ ಎಂದು.

ಶುರುವಿನಲ್ಲಿ ಕಾಗದದ ಮ್ಯಾಪುಗಳು. ಕೊರಿಯರಿನಲ್ಲಿ ಕೊಳವೆಯಂಥ ಡಬ್ಬಿಯಲ್ಲಿ ಸುತ್ತಿ ಬರುತ್ತಿದ್ದವು. ನೆಲದ ಮೇಲೆ ಹಾಸಿ ನಾಲ್ಕು ಮೂಲೆಗೂ ಕೆಳಗಿನ ಅಂಗಡಿಯಿಂದ ತಂದ ಹಿತ್ತಾಳೆ ಚೊಂಬು ಇಟ್ಟು, ಮೊಣಕಾಲೂರಿ ಕೂತು, ದಾರದಿಂದ ದೂರ ಅಳೆಯುತ್ತಿದ್ದೆವು. ಗಣಪತಣ್ಣನದು ಒಂದೇ ನಿಯಮ: ಪುಸ್ತಕದಲ್ಲಿ ವಿವರ ತುಂಬಲು ಗೆರೆ ಹೊಡೆದ ಚೌಕಗಳಲ್ಲಿ ಯಾವ ಮನೆಯೂ ಖಾಲಿ ಇರಬಾರದು. “ಖಾಲಿ ಬಿಟ್ರೆ ನಮ್ಗೆ ಕೆಲ್ಸ ಬರೂದಿಲ್ಲ ಅಂತ ತಿಳ್ಕತಾರೆ ಅವ್ರು. ಎಂತಾದ್ರೂ ಬರಿ.” ನಾನು ಬರೆಯುತ್ತಿದ್ದೆ. ಅರ್ಜಿ ಟೈಪಿಸ್ಟಿಗೆ ಕಲಿಸಬೇಕೆ ಅದನ್ನು!

ತಪ್ಪುಗಳಿಗೇನೂ ಕಡಿಮೆ ಇರಲಿಲ್ಲ. ಮೊದಲ ವರ್ಷ ಇಬ್ಬರು ಗಂಡಹೆಂಡತಿಯರನ್ನು ಒಂದು ಚಂದದ ಗುಡ್ಡದ ದಾರಿಯಲ್ಲಿ ಕಳಿಸಿದೆ. ಆ ದಾರಿ ಎರಡೇ ಕಿಲೋಮೀಟರು ಪಕ್ಕದ ರಾಜ್ಯದೊಳಗೆ ಹೋಗಿ ಮತ್ತೆ ಹೊರಬರುತ್ತಿತ್ತು. ಗಡಿಗೆ ಹತ್ತಿಕೊಂಡ ಸೊನೋರಾ ರಾಜ್ಯದಲ್ಲಿ ಹೊರದೇಶದ ಗಾಡಿಗೆ ಬೇರೆ ಪರವಾನಗಿ ಬೇಡ, ಪಕ್ಕದ ಚಿವಾವಾಕ್ಕೆ ಬೇಕು. ಆ ಎರಡು ಕಿಲೋಮೀಟರಿನಲ್ಲೇ ಚೆಕ್‌ಪೋಸ್ಟ್. ಪಾಪ, ಒಂದು ದಿನದ ದಾರಿ ತಿರುಗಿ ಹೋದರು. ಗಣಪತಣ್ಣ ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ನಾಲ್ಕನೇ ದಿನ ಮನೆಯಿಂದ ಹಲಸಿನ ಹಪ್ಪಳ ತಂದು ಮೇಜಿನ ಮೇಲಿಟ್ಟರು.

ಕೆಲವು ಕಡೆ ನಮ್ಮೂರಿನ ತಿಳಿವಳಿಕೆಯೇ ಕೆಲಸಕ್ಕೆ ಬಂತು. ದನದ ಬೇಲಿಯ ಬಾಗಿಲುಗಳ ಬಗ್ಗೆ ಪ್ರಯಾಣಿಕರಿಂದ ದೂರು ಬರುತ್ತಿತ್ತು: ಒಂದೇ ದಿನ ಹದಿನೈದು ಬಾಗಿಲು, ಇಳಿ, ತೆಗೆ, ದಾಟು, ಮತ್ತೆ ಇಳಿ, ಹಾಕು. ತೆರೆದೇ ಬಿಟ್ಟು ಹೋಗಬಹುದೆ ಎಂದು ಕೇಳುತ್ತಿದ್ದರು. ಬೇಲಿಯ ದಣಪೆ ತೆಗೆದು ದಾಟಿದವನೇ ದಣಪೆ ಹಾಕಬೇಕು, ಇಲ್ಲದಿದ್ದರೆ ದನ ಗದ್ದೆಗೆ ಬೀಳುತ್ತದೆ ಎಂದು ಎಳವೆಯಲ್ಲೇ ಬೆನ್ನಿಗೆ ಏಟು ತಿಂದು ಕಲಿತವಳು ನಾನು. ‘ಹೇಗಿತ್ತೋ ಹಾಗೇ ಬಿಟ್ಟು ಹೋಗಿ’ ಎಂದು ಪ್ರತಿ ಪುಸ್ತಕದ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದೆ. ಅಲ್ಲಿನ ದನದ ಮಾಲೀಕರು ಸಂತೋಷಪಟ್ಟರೆಂದು ಕಂಪನಿಯವರು ಬರೆದಿದ್ದರು.

ಎಲೆನಾ ಪರಿಚಯವಾದದ್ದು ಹೀಗೇ ಒಂದು ವಿಚಾರಣೆಯಿಂದ. ಸಾನ್ ಇಸಿದ್ರೋ ಎಂಬ ಹದಿನೆಂಟು ಮನೆಯ ಊರಿನಲ್ಲಿ ಅವಳು ಟೈರು ಪಂಕ್ಚರ್ ಹಾಕುತ್ತಿದ್ದಳು, ಡ್ರಮ್ಮಿನಲ್ಲಿಟ್ಟ ಪೆಟ್ರೋಲ್ ಅಳೆದು ಕೊಡುತ್ತಿದ್ದಳು, ಕೇಳಿದವರಿಗೆ ಊಟ ಹಾಕುತ್ತಿದ್ದಳು. ಆ ಊರಿನಲ್ಲಿ ಫೋನಿದ್ದದ್ದು ಅವಳ ಅಂಗಡಿಯಲ್ಲಿ. ನಮ್ಮ ಪ್ರಯಾಣಿಕರು ಊರಿಂದ ಊರಿಗೆ ಹೊರಟಾಗ, ಮುಂದಿನ ಊರು ಮುಟ್ಟಿದರೋ ಇಲ್ಲವೋ ಎಂದು ದಿನವೂ ಬೆಳಿಗ್ಗೆ ಏಳು ಗಂಟೆಗೆ ನಾನು ಫೋನು ಮಾಡಿ ಕೇಳಬೇಕಿತ್ತು. ನಮ್ಮ ಬೆಳಗಿನ ಏಳು ಅವರಿಗೆ ಹಿಂದಿನ ಸಂಜೆಯ ಆರೂವರೆ. ಅವಳಿಗೆ ಇನ್ನೂ ಮುಗಿಯದ ದಿನ ನನಗೆ ನಿನ್ನೆಯಾಗಿಬಿಟ್ಟಿರುತ್ತಿತ್ತು. ಗಡಿಯಾಚೆಯ ಹೋಟೆಲಿನಲ್ಲಿ ಪಾತ್ರೆ ತೊಳೆದು ಕಲಿತ ಇಂಗ್ಲಿಷು ಅವಳದು, ಅರ್ಜಿ ಟೈಪು ಮಾಡಿ ಕಲಿತದ್ದು ನನ್ನದು. ಇಬ್ಬರಿಗೂ ಅರ್ಧರ್ಧ ಬರುತ್ತಿದ್ದುದರಿಂದ ಜಗಳವಾಗಲಿಲ್ಲ.

ಕೆಲಸದ ಮಾತು ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಆಮೇಲೆ ಅವಳು ಕೇಳುತ್ತಿದ್ದಳು, “ಇವತ್ತು ಏನು ಅಡಿಗೆ?” ನನ್ನನ್ನು ಆ ಪ್ರಶ್ನೆ ಕೇಳುವವರು ಲೋಕದಲ್ಲಿ ಬೇರೆ ಯಾರೂ ಇರಲಿಲ್ಲ. ಭಾನುವಾರ ಕಚೇರಿಗೆ ರಜೆ. ಆ ದಿನ ಕೆಲವು ಸಲ ಬೆಳಗಿನಿಂದ ರಾತ್ರಿಯವರೆಗೆ ನನ್ನ ದನಿಯನ್ನು ನಾನೇ ಕೇಳಿರುತ್ತಿರಲಿಲ್ಲ.

ಆ ಭಾನುವಾರದ ರಜೆಯೇ ಮುಂದಿನ ಘಟನೆಗೂ ಕಾರಣ.

ವಾಲ್ಟರ್ ಎಂಬವರು ಒಬ್ಬರೇ ಹೊರಟಿದ್ದರು. ಅರವತ್ತೇಳು ವಯಸ್ಸು, ಶಾಲಾ ಬಸ್ಸಿನ ಚಾಲಕರಾಗಿದ್ದು ನಿವೃತ್ತರಾದವರು, ಹಳೆಯ ಜೀಪು. ಹತ್ತು ದಿನದ ಪುಸ್ತಕವನ್ನು ನಾನೇ ಬರೆದಿದ್ದೆ. ಕೊನೆಯ ಪುಟದಲ್ಲಿ ತಯಾರಿಸಿದವರ ಹೆಸರು ಇರುತ್ತಿತ್ತು, ಸುಶೀಲಾ ಎಂದು. ನಾಲ್ಕನೇ ದಿನ ಸಾನ್ ಇಸಿದ್ರೋದಿಂದ ಮುಂದಿನ ಊರಿಗೆ ನೂರಾ ಮೂವತ್ತು ಕಿಲೋಮೀಟರು. ಏಪ್ರಿಲ್ ತಿಂಗಳ ಕೊನೆ, ಬಿಸಿಲು ಏರಿತ್ತು. ಶನಿವಾರ ಬೆಳಿಗ್ಗೆ ಎಲೆನಾಳ ಅಂಗಡಿಯಲ್ಲಿ ಪೆಟ್ರೋಲ್ ಹಾಕಿಸಿಕೊಂಡು ಹೊರಟರು. ಆ ಸಂಜೆ ಅವರು ಮುಂದಿನ ಊರು ಮುಟ್ಟಿದರೇ ಎಂದು ನಾನು ಕೇಳಬೇಕಾಗಿದ್ದ ಹೊತ್ತು ನಮಗೆ ಭಾನುವಾರ ಬೆಳಿಗ್ಗೆ. ರಜೆ. ನಾನು ಕೋಣೆಯಲ್ಲಿ ಬಟ್ಟೆ ತೊಳೆಯುತ್ತಿದ್ದೆ.

ಸೋಮವಾರ ಏಳಕ್ಕೆ ಫೋನು ಮಾಡಿದರೆ ಮುಂದಿನ ಊರಿನವರು, ಇಲ್ಲಿಗೆ ಯಾರೂ ಬಂದಿಲ್ಲ, ನಿನ್ನೆಯೂ ಇಲ್ಲ ಇವತ್ತೂ ಇಲ್ಲ ಎಂದರು. ಎಲೆನಾಳಿಗೆ ಮಾಡಿದೆ. “ಶನಿವಾರವೇ ಹೋದನಲ್ಲ! ರೇಡಿಯೇಟರ್ ಸ್ವಲ್ಪ ಸೋರುತ್ತಿತ್ತು, ಹೇಳಿದೆ. ದಾರಿಯಲ್ಲಿ ನೀರಿದೆ, ಪುಸ್ತಕದಲ್ಲಿ ಬರೆದಿದ್ದಾರೆ ಅಂದ. ಅದೆಲ್ಲಿ ಅಂತ ಕೇಳುವುದರೊಳಗೆ ಹೊರಟುಬಿಟ್ಟ. ಎಲ್ಲಿದೆ ನೀರು?”

ನಾನು ಪುಸ್ತಕ ತೆಗೆದು ಓದಿದೆ. “ಎಪ್ಪತ್ತೊಂದನೇ ಕಿಲೋಮೀಟರ್. ಹಳ್ಳ. ನೀರು ಚೆನ್ನಾಗಿದೆ, ಕುಡಿಯಬಹುದು.”

ಫೋನಿನಲ್ಲಿ ನಾಯಿ ಬೊಗಳಿದ್ದು ಕೇಳಿಸಿತು.

“ಯಾರು ಹೇಳಿದರು ನಿನಗೆ?”

“ಮ್ಯಾಪಿನಲ್ಲಿದೆ. ನೀಲಿ ಗೆರೆ.”

“ಸುಸಿಲಾ,” ಅಂದಳು. ಅವಳ ಬಾಯಲ್ಲಿ ನನ್ನ ಹೆಸರು ಹಾಗೆ. “ಆ ಹಳ್ಳದಲ್ಲಿ ನೀರು ಹರಿದದ್ದನ್ನು ನಾನು ಕಡೆಗೆ ನೋಡಿದ್ದು ನನ್ನ ಮದುವೆಯ ವರ್ಷ. ಅದು ಬರೀ ಮರಳು.”

ಇದನ್ನು ಓದುವ ಹುಡುಗಿಯರೇ, ಇಲ್ಲಿ ಸ್ವಲ್ಪ ನಿಲ್ಲಿ. ನಾನು ಸೋಮಾರಿತನದಿಂದ ಬರೆದದ್ದಲ್ಲ ಅದು. ಹೆಗ್ಗರಣೆ ಕಡೆಯ ರೈತರ ಮನೆಯಲ್ಲಿ ಹುಟ್ಟಿದವಳು ನಾನು. ಮನೆಯ ಕೆಳಗೇ ಹಳ್ಳ. ಬೇಸಿಗೆಯ ನಡುಮಧ್ಯದಲ್ಲೂ ಮೊಣಕಾಲುದ್ದ ನೀರು, ಕಲ್ಲಿನ ಸಂದಿಯಲ್ಲಿ ಏಡಿ. ಶಾಲೆಗೆ ಹೋಗುವಾಗ ನೀರಿನ ಬಾಟಲಿ ಒಯ್ದದ್ದೇ ಇಲ್ಲ; ಬಾಯಾರಿದರೆ ಬೊಗಸೆ ಒಡ್ಡುವುದು. ಹಳ್ಳ ಎಂದರೆ ನೀರು. ನೀರಿಲ್ಲದ್ದಕ್ಕೆ ಹಳ್ಳ ಎಂಬ ಹೆಸರು ಹೇಗೆ ಬರುತ್ತದೆ? ಮ್ಯಾಪಿನ ಆ ನೀಲಿ ಗೆರೆ ತುಂಡುತುಂಡಾಗಿತ್ತು. ತುಂಡುಗೆರೆ ಎಂದರೆ ಸದಾ ಹರಿಯದ್ದು ಎಂದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಅಚ್ಚು ಸರಿಯಾಗಿ ಮೂಡಿಲ್ಲ ಎಂದುಕೊಂಡೆ. ‘ನೀರಿನ ಗುಣ’ ಎಂಬ ಮನೆ ಖಾಲಿ ಉಳಿದಿತ್ತು. ಖಾಲಿ ಬಿಡಬಾರದಲ್ಲ, ‘ಚೆನ್ನಾಗಿದೆ, ಕುಡಿಯಬಹುದು’ ಎಂದು ತುಂಬಿಸಿದೆ. ನಮ್ಮೂರ ಹಳ್ಳದ ನೀರು ಚೆನ್ನಾಗಿತ್ತು. ಪುಸ್ತಕವನ್ನು ಕಳಿಸುವ ಮೊದಲು ಗಣಪತಣ್ಣ ಸಾಲುಸಾಲಾಗಿ ಓದಿದ್ದರು. ಅವರೂ ಹೇರೂರಿನವರು, ಹಳ್ಳದ ನೀರು ಕುಡಿದೇ ಬೆಳೆದವರು; ಅವರಿಗೂ ಏನೂ ಅನುಮಾನ ಬರಲಿಲ್ಲ.

ಎಲೆನಾ, “ಹಾಗಾದರೆ ಅವನು ಅಲ್ಲೇ ಇರುತ್ತಾನೆ. ನೀರಿದೆ ಅಂತ ನಂಬಿದವನು ಅಲ್ಲೇ ಅಗೆಯುತ್ತಾ ಕೂತಿರುತ್ತಾನೆ. ನಾನು ಹೋಗುತ್ತೇನೆ” ಎಂದಳು. ಅಲ್ಲಿ ಆಗ ಹೊತ್ತು ಮುಳುಗುತ್ತಿತ್ತು. ಕತ್ತಲಾದ ಮೇಲೆ ಆ ದಾರಿಯಲ್ಲಿ ಯಾರೂ ಗಾಡಿ ಓಡಿಸಬಾರದು ಎಂದು ನಾನೇ ಪ್ರತಿ ಪುಸ್ತಕದಲ್ಲಿ ಬರೆದಿದ್ದೆ. ಅವಳು ಓಡಿಸಿದಳು.

ಗಣಪತಣ್ಣ ಎಂಟೂವರೆಗೆ ಬಂದರು. ಹೇಳಿದೆ. ನಮ್ಮೊಡನೆ ಪೇಟೆಯ ಕನ್ನಡ ಆಡುವವರು ಗಾಬರಿಯಾದರೆ ಮನೆಮಾತಿಗೆ ಜಾರುತ್ತಿದ್ದರು. “ಅಯ್ಯೋ ದೇವ್ರೇ, ಎಂತ ಆತೇ ಇದು! ಆನು ಈಗ ಎಂತ ಮಾಡ್ಲಿ?” ಎಂದು ಕುರ್ಚಿಯಲ್ಲಿ ಕುಸಿದರು. ಮತ್ತೆ ಎದ್ದು ಕಿಟಕಿಯ ಹತ್ತಿರ ಹೋದರು. ಕೆಳಗೆ ಪಾತ್ರೆ ಅಂಗಡಿಯಲ್ಲಿ ಯಾರೋ ಕೊಡ ಬಡಿದು ಸದ್ದು ನೋಡುತ್ತಿದ್ದರು. ಆ ದಿನ ನಾನು ಒಂದು ಲೋಟ ನೀರನ್ನೂ ಕುಡಿಯಲಿಲ್ಲ. ವ್ರತವೇನಲ್ಲ. ಒಬ್ಬ ಮನುಷ್ಯನನ್ನು ನಾನು ಕೊಂದೆನೆಂದು ಏಳು ಗಂಟೆಯಿಂದ ಸಂಜೆಯವರೆಗೆ ನಂಬಿದ್ದೆ. ಆ ದಿನದ ಬಗ್ಗೆ ಇಷ್ಟೇ ಬರೆಯಬಲ್ಲೆ.

ಸಂಜೆ ಐದೂವರೆ ದಾಟಿದ ಮೇಲೆ ಫೋನು ಬಂತು. ಎಲೆನಾಳ ದನಿ ಧೂಳು ಕುಡಿದು ಒಡೆದಿತ್ತು. “ಸಿಕ್ಕಿದ. ಬದುಕಿದ್ದಾನೆ.” ಸೋರುವ ರೇಡಿಯೇಟರಿಗೆ ಕುಡಿಯುವ ನೀರನ್ನೆಲ್ಲ ಸುರಿದಿದ್ದರಂತೆ, ಹೇಗೂ ಎಪ್ಪತ್ತೊಂದರಲ್ಲಿ ತುಂಬಿಸಿಕೊಳ್ಳಬಹುದು ಎಂದು. ಅಲ್ಲಿಗೆ ಬಂದ ಮೇಲೆ ಎಂಜಿನ್ನೂ ಹಿಡಿದು ನಿಂತುಬಿಟ್ಟಿತು. ಅರ್ಧ ಬಾಟಲಿ ನೀರು, ಒಂದು ಡಬ್ಬಿ ಹಣ್ಣಿನ ರಸದಲ್ಲಿ ಎರಡು ಹಗಲು ಕಳೆದಿದ್ದರು. ಜೀಪಿನ ಅಡಿಯಲ್ಲಿ ಮಲಗಿದ್ದರು. ಮರಳಿನಲ್ಲಿ ಸೊಂಟದಾಳದ ಗುಂಡಿ ತೋಡಿದ್ದರು.

ನಾನು ಮೇಜಿಗೆ ತಲೆಯಿಟ್ಟು ಅತ್ತೆ. ಗಣಪತಣ್ಣನೂ ಕಣ್ಣೊರೆಸಿಕೊಂಡರು. ಆಮೇಲೆ ಕೂತು ಕಂಪನಿಗೆ ವರದಿ ಬರೆದರು: ಮ್ಯಾಪಿನಲ್ಲಿ ತಪ್ಪಿತ್ತು, ನಮ್ಮ ಕಚೇರಿಯ ಸುಶೀಲಾ ತಕ್ಷಣ ಎಚ್ಚೆತ್ತುಕೊಂಡು ಜೀವ ಉಳಿಸಿದಳು.

“ಅದು ಸುಳ್ಳಲ್ವಾ ಗಣಪತಣ್ಣ?” ಎಂದೆ.

“ನೀಲಿ ಗೆರೆ ಇತ್ತಲ? ಅಂದ್ಮೇಲೆ ಮ್ಯಾಪಿಂದೇ ತಪ್ಪು. ಎಂಟು ಜನ ಇದ್ದಾರೆ ಈ ಮಹಡಿ ಮೇಲೆ. ಕೆಲ್ಸ ಹೋದ್ರೆ ಅವ್ರೆಲ್ಲ ಎಲ್ಲಿಗೆ ಹೋಗೂದು? ಮಾತು ಬೆಳ್ಳಿ, ಮೌನ ಬಂಗಾರ. ಸುಮ್ನಿರು.”

ಸುಮ್ಮನಿದ್ದೆ. ಅವರನ್ನು ಬೈದು ನಾನು ಒಳ್ಳೆಯವಳಾಗುವುದಿಲ್ಲ. ಎಂಟು ಜನರ ಮಾತು ನಿಜವೇ. ಆದರೆ ನಾನು ಸುಮ್ಮನಿದ್ದದ್ದು ಅವರಿಗಾಗಿ ಅಲ್ಲ, ನನ್ನ ಹೆದರಿಕೆಗಾಗಿ.

ತಿಂಗಳು ಕಳೆದ ಮೇಲೆ ವಾಲ್ಟರ್ ಅವರಿಂದ ನನ್ನ ಹೆಸರಿಗೇ ಪತ್ರ ಬಂತು. ನಿಮ್ಮಿಂದ ನಾನು ಬದುಕಿದೆ ಎಂದು ಬರೆದಿದ್ದರು. ಏನೆಂದು ಉತ್ತರಿಸುವುದು? ಎರಡು ಸಾಲು ಬರೆದೆ, ಆರೋಗ್ಯ ಹೇಗಿದೆ ಎಂದು. ಅವರು ನಾಲ್ಕು ಸಾಲು ಬರೆದರು. ಹಾಗೆ ಶುರುವಾಗಿ ಪ್ರತಿ ಹೊಸ ವರ್ಷಕ್ಕೆ ಒಂದು ದೊಡ್ಡ ಪತ್ರ, ನಡುನಡುವೆ ಸಣ್ಣವು. ಹಿಮ ಬಿದ್ದ ದಿನ, ಮಂಡಿ ನೋವು, ಜೀಪು ಮಾರಿದ್ದು. ನಾನು ಮಳೆ ಹಿಡಿದದ್ದು, ಬಸ್ಸು ತಪ್ಪಿದ್ದು, ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿದ್ದು ಬರೆಯುತ್ತಿದ್ದೆ. ಆ ಪತ್ರ ಬಂದ ದಿನ ನನ್ನ ಕೋಣೆಯಲ್ಲಿ ಇಬ್ಬರಿದ್ದ ಹಾಗೆ ಇರುತ್ತಿತ್ತು. ಓದಿ ಮುಗಿಸಿದ ಮೇಲೆ ನೆನಪಾಗುತ್ತಿತ್ತು: ಇಷ್ಟು ವಿಶ್ವಾಸ ಬಂದದ್ದು ನಾನು ಹೇಳದೆ ಉಳಿಸಿಕೊಂಡ ಒಂದು ಮಾತಿನಿಂದ.

ಎಲೆನಾಳಿಗೆ ಎಲ್ಲ ಗೊತ್ತಿತ್ತು. “ನೀನು ಅವನಿಗೆ ಹೇಳಿದೆಯಾ?” ಎಂದು ಕೇಳುವಳು. “ಇಲ್ಲ.” “ನಾನೇನೂ ಹೇಳುವುದಿಲ್ಲ. ಅದು ನಿನ್ನ ಕೆಲಸ.” ವರ್ಷಕ್ಕೆ ಒಂದೆರಡು ಸಲ ಇಷ್ಟೇ ಮಾತು. ಬೈದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ, ಕೇಳುವುದನ್ನು ಬಿಡಲೂ ಇಲ್ಲ.

ಘಟನೆಯ ಮೇಲೆ ಎರಡು ಬದಲಾವಣೆ ಮಾಡಿದೆವು. ಭಾನುವಾರದ ರಜೆಯಲ್ಲೂ ಏಳು ಗಂಟೆಯ ಫೋನು ತಪ್ಪಬಾರದು ಎಂದಾಯಿತು. ಆ ಪಾಳಿಯನ್ನು ನಾನೇ ಕೇಳಿ ತೆಗೆದುಕೊಂಡೆ. ಇನ್ನೊಂದು, ಪುಸ್ತಕದಲ್ಲಿ ಪ್ರತಿ ಸಾಲಿನ ಕೊನೆಗೆ ಹೊಸದಾಗಿ ಒಂದು ಮನೆ. ಬರೆದ ಸಂಗತಿ ಕಂಡದ್ದೋ, ಕೇಳಿದ್ದೋ, ಊಹೆಯೋ ಎಂದು ಅಲ್ಲಿ ಹೇಳಬೇಕು. ಗಣಪತಣ್ಣ ಮೊದಲು ಒಪ್ಪಲಿಲ್ಲ: “ಊಹೆ ಅಂತ ಬರೆದ್ರೆ ದುಡ್ಡು ಕೊಡೂರು ಯಾರು?” ಆದರೆ ಆ ಸೋಮವಾರದ ಹಗಲನ್ನು ಅವರೂ ಕಂಡಿದ್ದರು. ಒಪ್ಪಿದರು. ಕಂಪನಿಯವರಿಗೆ ಇದು ಹಿಡಿಸಿತು ಕೂಡ. ಎಲೆನಾ ಹೇಳಿದ್ದಕ್ಕೆ ‘ಕೇಳಿದ್ದು’, ಮ್ಯಾಪಿನದಕ್ಕೆ ‘ಊಹೆ’. ‘ಕಂಡದ್ದು’ ಎಂದು ಹಾಕಬೇಕಾದರೆ ಬರೆಯುವವಳೇ ಕಂಡಿರಬೇಕು ಎಂದು ನಾನು ಹಟ ಹಿಡಿದೆ. ಹಾಗಾಗಿ ನನ್ನ ಒಂದು ಪುಸ್ತಕದಲ್ಲೂ ಆ ಪದ ಬರಲಿಲ್ಲ. “ಎಂತ ಸುಶೀಲಾ, ಒಂದಾದ್ರೂ ಕಂಡದ್ದು ಹಾಕು, ಲಕ್ಷಣಕ್ಕೆ!” ಎಂದು ಗಣಪತಣ್ಣ ತಮಾಷೆ ಮಾಡುತ್ತಿದ್ದರು.

ಆಮೇಲೆ ಕಾಗದದ ಮ್ಯಾಪು ಹೋಯಿತು. ಆಕಾಶದಿಂದ ತೆಗೆದ ಚಿತ್ರಗಳು ಬಂದವು. ಎಲೆನಾಳ ಅಂಗಡಿಯ ತಗಡಿನ ಮಾಡನ್ನು ಮೊದಲ ಸಲ ನೋಡಿ ಅರ್ಧ ಗಂಟೆ ಕಣ್ಣು ತೆಗೆಯಲಿಲ್ಲ ನಾನು. ಎಪ್ಪತ್ತೊಂದನೇ ಕಿಲೋಮೀಟರನ್ನೂ ನೋಡಿದೆ. ಬಿಳಿ ಮರಳಿನ ಒಂದು ಪಟ್ಟಿ. ಅದರ ಬೆನ್ನಿಗೇ ಪ್ರಯಾಣಿಕರು ತಮ್ಮ ಗಾಡಿಯ ಜಾಡನ್ನು ತಾವೇ ಕಳಿಸತೊಡಗಿದರು. ಅವರ ಕೈಗೆ ಉಪಗ್ರಹದೊಡನೆ ಮಾತಾಡುವ ಪುಟ್ಟ ಯಂತ್ರ ಬಂತು. ಬೆಳಗಿನ ಫೋನು ಬೇಡವಾಯಿತು. ಬೇಡವಾದ ಮೇಲೂ ನಾನು ವಾರಕ್ಕೊಮ್ಮೆ ಎಲೆನಾಳಿಗೆ ನನ್ನ ಖರ್ಚಿನಲ್ಲೇ ಮಾಡುತ್ತಿದ್ದೆ. ಒಂದು ದಿನ ಆ ನಂಬರು ಹೋಗಲಿಲ್ಲ. ಮರುದಿನವೂ ಇಲ್ಲ. ಆ ಊರಿನ ಜನ ಒಬ್ಬೊಬ್ಬರಾಗಿ ಪೇಟೆಗೆ ಇಳಿದರೆಂದು ಒಬ್ಬ ಪ್ರಯಾಣಿಕ ಬರೆದ. ಅವಳು ಎಲ್ಲಿಗೆ ಹೋದಳೆಂದು ಗೊತ್ತಾಗಲಿಲ್ಲ. ಸಾವಿರ ಸಲ ಮಾತಾಡಿದವಳ ಮುಖ ನಾನು ನೋಡಿಲ್ಲ. ಈಗಲೂ ಬೆಳಿಗ್ಗೆ ಏಳಾದರೆ ಇವತ್ತಿನ ಅಡಿಗೆ ಏನೆಂದು ಒಮ್ಮೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ.

ನಿವೃತ್ತಿಯ ದಿನ ಶಾಲು, ಹಣ್ಣು, ಭಾಷಣ. ಗಣಪತಣ್ಣ ಮೈಕಿನಲ್ಲಿ ಆ ಕಥೆಯನ್ನೇ ಹೇಳಿದರು, ಸುಶೀಲಾ ಒಬ್ಬ ಮನುಷ್ಯನ ಜೀವ ಉಳಿಸಿದವಳು ಎಂದು. ಹುಡುಗಿಯರು ಚಪ್ಪಾಳೆ ತಟ್ಟಿದರು. ಶಾಲು ಹೊದ್ದು ನಿಂತಿದ್ದ ನನಗೆ ನೆಲ ಬಾಯಿಬಿಡಬಾರದೆ ಎನಿಸಿತು. ಆ ಸುಳ್ಳನ್ನು ಗಣಪತಣ್ಣನೂ ಈಗ ನಿಜವೆಂದೇ ನಂಬಿದ್ದರು.

ವರ್ಷವೆಲ್ಲ ಅದು ಕೊರೆಯಿತು. ಕೊನೆಗೆ ಈ ಏಪ್ರಿಲಿನಲ್ಲಿ ಒಂದು ಬೆಳಿಗ್ಗೆ ವಾಲ್ಟರ್ ಅವರಿಗೆ ಬರೆದೆ. ಮ್ಯಾಪು ತಪ್ಪಿರಲಿಲ್ಲ. ತಪ್ಪು ನನ್ನದು. ಆ ಹಳ್ಳದಲ್ಲಿ ನೀರಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ, ಕುಡಿಯಬಹುದೆಂದು ಯಾರೂ ಹೇಳಿರಲಿಲ್ಲ, ನಾನೇ ಬರೆದೆ. ನಿಮ್ಮ ಜೀವ ಉಳಿಸಿದವಳು ಎಲೆನಾ. ಅದನ್ನು ಅಪಾಯಕ್ಕೆ ಹಾಕಿದವಳು ನಾನು. ಕಳಿಸುವ ಗುಂಡಿ ಒತ್ತಿದ ಮೇಲೆ, ಇನ್ನು ಹೊಸ ವರ್ಷಕ್ಕೆ ನನಗೆ ಯಾರ ಪತ್ರವೂ ಬರುವುದಿಲ್ಲ ಎಂದು ತಿಳಿದುಕೊಂಡೆ. ಆರು ದಿನ ಏನೂ ಬರಲಿಲ್ಲ. ಏಳನೇ ದಿನ ಬಂತು. ಅದನ್ನು ನನಗೆ ತಿಳಿದಷ್ಟು ಕನ್ನಡದಲ್ಲಿ ಕೊಡುತ್ತೇನೆ.

“ಸುಶೀಲಾ, ನನಗೆ ಗೊತ್ತಿತ್ತು. ಆ ಮರಳಿನಲ್ಲಿ ಕೂತು ನಿಮ್ಮ ಸಾಲನ್ನು ಎಷ್ಟು ಸಲ ಓದಿದೆನೋ. ನೀರು ಚೆನ್ನಾಗಿದೆ ಎಂದು ಯಾವ ಮ್ಯಾಪೂ ಹೇಳುವುದಿಲ್ಲ; ಅದನ್ನು ಮನುಷ್ಯರೇ ಹೇಳಬೇಕು. ಮೊದಲು ನಿಮ್ಮನ್ನು ಬೈದೆ, ತುಂಬಾ ಬೈದೆ. ಕತ್ತಲಾದ ಮೇಲೆ ಯೋಚನೆ ಬಂತು. ಇದನ್ನು ಬರೆದವಳು ಸುಳ್ಳುಗಾರ್ತಿಯಲ್ಲ, ಹಳ್ಳದಲ್ಲಿ ನೀರಿಲ್ಲದೆ ಇರಬಹುದೆಂದು ತಿಳಿಯದ ಊರಿನವಳು. ಅಂಥ ಊರು ಹೇಗಿರಬಹುದು ಎಂದು ಕಣ್ಣು ಮುಚ್ಚಿ ನೋಡುತ್ತ ಎರಡು ರಾತ್ರಿ ಕಳೆದೆ. ನಿಮ್ಮ ಮೊದಲ ಪತ್ರ ಬಂದಾಗ ಇದನ್ನೆಲ್ಲ ಹೇಳಬೇಕೆಂದಿದ್ದೆ. ಹೇಳಿದರೆ ನೀವು ನಾಚಿ ಬರೆಯುವುದನ್ನೇ ನಿಲ್ಲಿಸಿಬಿಡುತ್ತೀರಿ ಎಂದು ಹೆದರಿದೆ. ನನಗೆ ಬರೆಯುವವರು ಬೇರೆ ಯಾರೂ ಇಲ್ಲ. ಈಗ ಒಂದು ಕೇಳುತ್ತೇನೆ. ನಾನು ಅಷ್ಟು ಹೊತ್ತು ಕಲ್ಪಿಸಿಕೊಂಡ ಆ ನಿಮ್ಮ ಹಳ್ಳ ಹೇಗಿದೆ? ನೀರಿದೆಯೇ ಅದರಲ್ಲಿ?”

ಇಬ್ಬರೂ ಒಂದೇ ಹೆದರಿಕೆಯಲ್ಲಿ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆವು. ಅಳು ಬಂತು, ನಗುವೂ ಬಂತು. ಉತ್ತರ ಬರೆಯಲು ಕೈ ತಾನಾಗಿ ಹೋಯಿತು: ‘ಹಳ್ಳ. ನೀರು ಚೆನ್ನಾಗಿದೆ.’ ಅಷ್ಟು ಬರೆದು ನಿಲ್ಲಿಸಿದೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುವ ಗಾದೆ ಇದೆ. ನಾನು ಆ ಹಳ್ಳವನ್ನು ಕಂಡೇ ಎಷ್ಟು ವರ್ಷವಾಗಿತ್ತು? ಊರಿಗೆ ಹೋದರೂ ದೀಪಾವಳಿಗೆ, ಮಳೆಯ ನೀರು ಇನ್ನೂ ಇರುವಾಗ.

ಮರುದಿನ ಬೆಳಿಗ್ಗೆ ಹೆಗ್ಗರಣೆ ಬಸ್ಸು ಹತ್ತಿದೆ. ತಮ್ಮನ ಹೆಂಡತಿ ನಾಗವೇಣಿ ಅಂಗಳದಲ್ಲಿ ಮೆಣಸು ಒಣಗಿಸುತ್ತಿದ್ದಳು. “ಎಂತ ಅತ್ಗೆ, ಹೇಳದೇ ಕೇಳದೇ ಬಂದ್ರಿ? ಕೂತ್ಕಣಿ, ಮಜ್ಜಿಗೆ ಕೊಡ್ತೆ.”

“ಹಳ್ಳಕ್ಕೆ ಹೋಗಿ ಬತ್ತೆ ಮೊದ್ಲು” ಎಂದೆ.

“ಈ ಬಿಸ್ಲಲ್ಲಾ? ಹಳ್ಳದಲ್ಲಿ ಎಂತ ಉಂಟು ಈಗ?”

ಇಳಿದು ಹೋದೆ. ಏಡಿ ಹಿಡಿಯುತ್ತಿದ್ದ ಕಲ್ಲುಗಳೆಲ್ಲ ಇದ್ದ ಜಾಗದಲ್ಲೇ ಇದ್ದವು, ಕಾಲಿಟ್ಟರೆ ಸುಡುತ್ತಿದ್ದವು. ನಡುವೆ ಮರಳು, ಮರಳಿನ ಮೇಲೆ ಒಣಗಿದ ಎಲೆ. ಪಂಪಿನ ಪೈಪೊಂದು ಬಾಯಿ ತೆರೆದುಕೊಂಡು ಬಿದ್ದಿತ್ತು. ದೊಡ್ಡ ಬಂಡೆಯ ಬುಡದಲ್ಲಿ ಸಣ್ಣವಳಿದ್ದಾಗ ಈಜಿದ ಗುಂಡಿಯಲ್ಲಿ ಕೈಯಿಂದ ಮರಳು ತೋಡಿ ನೋಡಿದೆ. ಮೊಣಕೈವರೆಗೆ ತೋಡಿದರೂ ತೇವ ಸಿಗಲಿಲ್ಲ. ಅಲ್ಲೇ ಕಲ್ಲಿನ ನೆರಳಲ್ಲಿ ಕೂತೆ. ವಾಲ್ಟರ್ ಅವರೂ ಹೀಗೇ ಕೂತಿದ್ದರು.

ಸಂಜೆ ಶಿರಸಿಗೆ ಬಂದು ಹಳೆಯ ಪುಸ್ತಕದ ಹಾಗೆಯೇ ಗೆರೆ ಹಾಕಿ ವಾಲ್ಟರ್ ಅವರಿಗೆ ಒಂದೇ ಸಾಲು ಬರೆದೆ. ಹಳ್ಳ. ಏಪ್ರಿಲ್ ಕೊನೆ. ನೀರಿಲ್ಲ. ಮಳೆ ಹಿಡಿದ ಮೇಲೆ ಮತ್ತೆ ಹೋಗಿ ನೋಡಿ ತಿಳಿಸುತ್ತೇನೆ.

ಕೊನೆಯ ಮನೆಯಲ್ಲಿ ‘ಕಂಡದ್ದು’ ಎಂದು ಬರೆದೆ.